ಕರಿಮೇಣದ ಮೇಲಿನ ಹೆಬ್ಬೆಟ್ಟು

ಬಾನ್ ನೋನ್‌ತಾನ್
ನಾಲ್ಕನೇ ತಿಂಗಳು, ಕೃಷ್ಣಪಕ್ಷದ ತದಿಗೆ

ಪ್ರೀತಿಯ ಅಣ್ಣಾ,

ಕೆಮ್ಮು ಹೇಗಿದೆ? ಜೈಲಿನಲ್ಲಿ ನಮ್ಮ ಅಂಟನ್ನ ಕೊಡುತ್ತಾರೋ, ಬ್ಯಾಂಕಾಕಿನವರ ಉದುರನ್ನವೋ? ಯಾವುದಾದರೂ ತಿನ್ನು. ನಿನಗೆ ಈ ಕಾಗದ ಓದಿ ಹೇಳುವ ಸಾಹೇಬರೇ, ಒಂದಕ್ಷರವೂ ನುಂಗದೆ ಓದಿ. ನಮ್ಮ ನದಿಯನ್ನು ನುಂಗಿದ್ದು ಸಾಕು.

ಅಣೆಕಟ್ಟಿನ ಯಂತ್ರಗಳ ಮುಂದೆ ಕೂತು ಖೇನ್ ವಾದ್ಯ ಊದಿದ್ದಕ್ಕೆ ನಿನ್ನನ್ನು ಎಳೆದುಕೊಂಡು ಹೋದ ದಿನದಿಂದ ನಾನು ಹಾಡುವುದನ್ನೇ ಬಿಟ್ಟಿದ್ದೆ. ಕೈತಪ್ಪಿ ಇಬ್ಬರಿಗೆ ಅನ್ನ ಬೇಯಿಸಿ ಒಂದು ಪಾಲು ಕೋಳಿಗಳಿಗೆ ಹಾಕುತ್ತೇನೆ. ಊದದೆ ಬಿಟ್ಟರೆ ಖೇನಿನ ಬಿದಿರು ಕೊಳವೆಗಳಿಗೆ ಹುಳ ಬೀಳುತ್ತದೆ ಎನ್ನುತ್ತಿದ್ದೆಯಲ್ಲ, ಅದಕ್ಕೇ ದಿನಾ ಬೆಳಿಗ್ಗೆ ನಾನೇ ಊದುತ್ತೇನೆ. ರಾಗ ಬರುವುದಿಲ್ಲ. ಉಸಿರು ಎಳೆಯುತ್ತೇನೆ, ಬಿಡುತ್ತೇನೆ. ಬೇಲಿಯಾಚೆಯಿಂದ ಪೇಂಗಜ್ಜಿ, "ಹೆಂಗಸು ಖೇನ್ ಊದೋದಾ? ಮೀಸೆ ಬರ್ತದೆ ಕಣೇ!" ಅಂತಾಳೆ. "ಬರಲಿ ಬಿಡಜ್ಜಿ, ಊರಿನ ಗಂಡಸರ ಮೀಸೆಯಂತೂ ಮಣ್ಣಾಯ್ತು" ಅಂದೆ.

ಮೊನ್ನೆ ಊರ ಮುಖಂಡ ಥೋಂಗ್‌ಮಾ ಬಂದ. "ಅಣೆಕಟ್ಟಿನ ಉದ್ಘಾಟನೆಗೆ ಒಂದು ಪದ ಹಾಡಿಬಿಡು ತಾಯಿ, ಹೊಸವರ್ಷದ ನೀರಾಟಕ್ಕೆ ನಿಮ್ಮಣ್ಣ ಮನೇಲಿರ್ತಾನೆ. ದೊಡ್ಡವರೇ ಮಾತು ಕೊಟ್ಟವ್ರೆ" ಅಂದ. ಒಪ್ಪಿಕೊಂಡೆ. ಬಯ್ಯಬೇಡಣ್ಣ. ಖಾಲಿ ಮನೆ ಮನುಷ್ಯರನ್ನು ಹೇಗೆ ಬಗ್ಗಿಸುತ್ತದೆಂದು ನಿನ್ನ ಲಾಕಪ್ಪಿನ ಗೋಡೆಗೂ ಗೊತ್ತಿರಬೇಕು.

ಉದ್ಘಾಟನೆಯ ದಿನ ನನ್ನ ಹಾಡಿಗೆ ಊದಲು ಪೇಟೆಯಿಂದ ಯಾರನ್ನೋ ಕರೆಸಿದ್ದರು. ಅವನ ಖೇನ್ ನಿನ್ನದಕ್ಕಿಂತ ಗೇಣುದ್ದ ಜಾಸ್ತಿ, ದನಿ ಪಾತಾಳದಲ್ಲಿ. ಹಾಡುವವಳ ಗಂಟಲು ನೋಡಿ ಖೇನ್ ಆರಿಸಬೇಕೆಂದು ಆ ಕೋಟಿನ ಅಧಿಕಾರಿಗಳಿಗೇನು ಗೊತ್ತು? ಅವರಿಗೆ ಎಲ್ಲ ಖೇನೂ ಒಂದೇ, ಎಲ್ಲ ಊರೂ ಒಂದೇ. ನನ್ನ ದನಿ ಒಂದು ಕಡೆ, ಅವನದು ಇನ್ನೊಂದು ಕಡೆ. ಜನ ಕಿಸಕ್ಕನೆ ನಕ್ಕರು. "ತಗ್ಗಿಸಮ್ಮ, ದನಿ ತಗ್ಗಿಸು!" ಎಂದು ಮುಂದಿನ ಸಾಲಿನಿಂದ ಒಬ್ಬ ಗದರಿದ. ಹುಟ್ಟಿದಂದಿನಿಂದ ತಗ್ಗಿದ್ದೇವೆ, ಇನ್ನೆಷ್ಟು? ನಮ್ಮ ಶ್ರುತಿಯಲ್ಲೇ, ಖೇನ್ ಇಲ್ಲದೆ, ಅಣೆಕಟ್ಟು ನುಂಗಿದ ನಮ್ಮ ನದಿಯ ಪದ ಎತ್ತಿಕೊಂಡೆ. ಎರಡನೇ ಸಾಲಿಗೆ ಮೈಕು ಕಿತ್ತುಕೊಂಡರು. ಮೈಕಿಲ್ಲದೆ ಮುಗಿಸಿದೆ. ಆಗ ಯಾರೂ ನಗಲಿಲ್ಲ.

ಪೇಂಗಜ್ಜಿ ಮೆಣಸಿನ ಪುಡಿ ಕಳಿಸಿದ್ದಾಳೆ, ಜೊತೆಗೆ ಎರಡು ಬೈಗುಳವನ್ನೂ. ನಮ್ಮ ಗುರುಹಿರಿಯರು ನಿನ್ನ ಬೆನ್ನಿಗಿರಲಿ.

ನಿನ್ನ ತಂಗಿ
ಬುವಾಲೈ

ಮರೆತಿದ್ದೆ, ಕಾಗದ ಒಯ್ಯುವ ಬಸ್ಸು ಹೊರಡುತ್ತಿದೆ: ಆ ಪದ ಹಾಡಿ ನಿನ್ನ ಬಿಡುಗಡೆಯನ್ನು ನಾನೇ ಕೆಡಿಸಿದೆ. ಇನ್ನು ನಿನ್ನ ಹತ್ತಿರ ತಪ್ಪೊಪ್ಪಿಗೆ ಕಾಗದ ತರುತ್ತಾರಂತೆ, ಹೆಬ್ಬೆಟ್ಟು ಒತ್ತಿದರೆ ಬಿಡುತ್ತಾರಂತೆ. ಶ್ರುತಿ ನಿಲ್ಲಲೆಂದು ನೀನು ಖೇನಿನ ತೂತಿಗೆ ಮೆತ್ತಿದ್ದ ಕರಿಮೇಣದ ಮೇಲೆ ನಿನ್ನ ಹೆಬ್ಬೆಟ್ಟಿನ ಗುರುತು ಇನ್ನೂ ಇದೆ. ದಿನಾ ಅದರ ಮೇಲೆ ನನ್ನ ಬೆರಳಿಡುತ್ತೇನೆ. ಅದು ಅಲ್ಲೇ ಇರಲಿ ಅಣ್ಣಾ, ಅವರ ಕಾಗದದ ಮೇಲೆ ಬೇಡ. ಎಷ್ಟು ದಿನವಾದರೂ ನಾನು ಊದುತ್ತಿರುತ್ತೇನೆ.