ಅತ್ತೆಯ ಫ್ಲೆಕ್ಸಿಗೆ ನಾಲ್ಕು ಸಾಲು

ಜೂನ್ 12, ಗುರುವಾರ

ಮಳವಳ್ಳಿ–ಮದ್ದೂರು ಬಸ್ಸು. ಇವತ್ತೂ ಸೀಟಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಕವನ ಸಂಕಲನ. ಕೆ.ಎಂ. ದೊಡ್ಡಿ ಸರ್ಕಲ್ಲಿನಲ್ಲಿ ತಲೆ ಎತ್ತಿದೆ. ಶ್ರದ್ಧಾಂಜಲಿ ಫ್ಲೆಕ್ಸ್. ಗಿರಿಜಾ ಮೀಸೆಯ ಗಂಡಸು. ಕೆಳಗೆ — ‘ದೀಪ ಆರಿದರೂ ಬೆಳಕು ನಮ್ಮೊಳಗಿದೆ, ನಿನ್ನ ಮಡಿಲ ತಂಪು ಬಾಳಿಗೆ ನೆರಳಾಗಿದೆ.’

ನನ್ನ ಸಾಲು! ಪಕ್ಕದ ಮನೆಯ ಅರುಂಧತಿಯ ತಾಯಿ ತೀರಿಕೊಂಡಾಗ ಬರೆದುಕೊಟ್ಟದ್ದು. ಎಷ್ಟೋ ವರ್ಷದ ಹಿಂದೆ. ಈ ಮೀಸೆಗೆ ಮಡಿಲು ಎಲ್ಲಿಂದ ಬಂತು?

ಸಂಜೆ ಅತ್ತೆಗೆ ಹೇಳಿದರೆ — “ಬಸ್ಸಲ್ಲೂ ಓದ್ತೀಯ, ರೋಡಲ್ಲೂ ಓದ್ತೀಯ. ಸತ್ತೋರ್ನೂ ಬುಡಕಿಲ್ಲ ನೀನು. ಒಲೆ ಮೇಲೆ ಏನದೆ ನೋಡೋಗು.”

ಜೂನ್ 14

ಕಾಲೇಜಿನಲ್ಲಿ ಪಾಠ ಮುಗಿಸಿ, ಆ ಫ್ಲೆಕ್ಸಿನ ಮೂಲೆಯಲ್ಲಿ ಹೆಸರಿದ್ದ ಮದ್ದೂರಿನ ಅಂಗಡಿಗೇ ಹೋದೆ. ನಡೆಸುವವನು ಪುನೀತ್ — ನನ್ನ ಹಳೆಯ ವಿದ್ಯಾರ್ಥಿ ಬೇರೆ.

“ಅದು ನಿಮ್ದಾ ಮೇಡಂ? ನಮ್ ಸಿಸ್ಟಮಲ್ಲಿ ‘ದೀಪ’ ಅಂತ ಫೈಲ್ ಅದೆ. ಸಕತ್ ಓಡ್ತದೆ. ಫೋಟೊ ಚೇಂಜ್, ಎಸ್ರು ಚೇಂಜ್, ಮುಗೀತು.”

“ಗಂಡಸಿಗೆ ಮಡಿಲು ಯಾಕೋ ಹಾಕಿದೆ?”

“ಅದನ್ನೆಲ್ಲ ಯಾರ್ ಮೇಡಂ ಓದ್ತಾರೆ? ನೀವೊಬ್ರೇ.”

ಮೈಯೆಲ್ಲ ಉರಿದುಹೋಯಿತು. ಅರ್ಧ ಆಯುಸ್ಸು ಕಾವ್ಯ ಓದಿದವಳ ಪ್ರಕಟಿತ ಕೃತಿ ಇದೊಂದೇ! ಅದಾದರೂ ನನ್ನದೇ? ದೀಪ ಎಲ್ಲೋ ಓದಿದ್ದು, ಮಡಿಲು ಇನ್ನೆಲ್ಲೋ ಓದಿದ್ದು. ಯಾರ ಫೋಟೊದ ಕೆಳಗಾದರೂ ಕೂರುತ್ತದೆ ಅಂದಮೇಲೆ ಪುನೀತನನ್ನು ಬೈದು ಏನು ಪ್ರಯೋಜನ.

ಜುಲೈ 2

ಅತ್ತೆ ಹೋದರು. ಕಳೆದ ಶುಕ್ರವಾರ ಬೆಳಿಗ್ಗೆ, ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಒರಗಿದರು. ಹಾಲು-ತುಪ್ಪ ಆಯಿತು. ಮನೆ ತುಂಬ ನೆಂಟರು, ಚಾಪೆ, ಚಪ್ಪಲಿ.

ಮೈದುನ ಚಿಕ್ಕಮಾದು ಬಂದ. “ಅತ್ಗೆ, ಸೋಮವಾರ ತಿಥಿ. ಫ್ಲೆಕ್ಸ್‌ಗೆ ನಾಕ್ ಲೈನ್ ಬರ್ಕೊಡಿ. ಎಮ್ಮೆ ಓದಿದ್ದೀರಿ, ನಿಮ್ಗೇನು ಕಷ್ಟ? ಆಗ್ನಿಲ್ಲ ಅಂದ್ರೆ ಮದ್ದೂರಲ್ಲಿ ಒಂದು ರೆಡಿ ಅದೆಯಂತೆ, ದೀಪದ್ದು—”

“ಅದು ಬೇಡ!” ಕಿರುಚಿಬಿಟ್ಟೆ. ನೆಂಟರೆಲ್ಲ ತಿರುಗಿ ನೋಡಿದರು.

ಜುಲೈ 4

ಬರುತ್ತಿಲ್ಲ. ಕರುಣಾಮಯಿ — ಅಲ್ಲ. ತ್ಯಾಗಮೂರ್ತಿ — ಕೇಳಿದ್ದರೆ ಅವರೇ ನಗುತ್ತಿದ್ದರು. ಯಾವ ಸಾಲು ಬಂದರೂ ಎಲ್ಲೋ ಓದಿದ್ದು. ಇಷ್ಟು ಓದಿ ಏನು ಬಂತು? ಬೇರೆಯವರ ಮಾತು ಅಡ್ಡ ನಿಲ್ಲುವುದಕ್ಕೋ?

ಬರೀ ನೆನೆಸಿಕೊಳ್ಳೋಣ ಅಂತ ಕೂತೆ. ಮದುವೆಯಾದ ಮೇಲೆ ಎಂ.ಎ. ಪರೀಕ್ಷೆ ಕಟ್ಟಿದ್ದೆ. ಯಾರಾದರೂ ಬಂದರೆ ಅತ್ತೆ ಕೋಣೆಯ ಬಾಗಿಲು ಎಳೆದುಕೊಂಡು ಹೇಳುತ್ತಿದ್ದರು — “ಸೊಸೇಗೆ ತಲೆನೋವು, ಮನಗವ್ಳೆ.” ಬಂದವರು ಹೋದಮೇಲೆ ಒಳಗೆ ಬಂದು, “ಓದೋದು ಒಟ್ಟೆ ತುಂಬಿಸ್ತದಾ?” ಅಂತ ಬಯ್ಗುಳ. ಮಾರನೇ ದಿನ ಮತ್ತೆ ತಲೆನೋವು.

ಬಾಗಿಲು ಎಳೆದುಕೊಂಡು ನೀನು ಸುಳ್ಳು ಹೇಳಿದೆ,
ಬಾಗಿಲು ತೆರೆದು ಬಯ್ದೆ.
ನಡುವೆ ನಾನು ಓದಿಕೊಂಡೆ.
ಈಗ ಯಾರು ಬೇಕಾದರೂ ಒಳಗೆ ಬರುತ್ತಾರೆ.

ಇದು ಯಾರದ್ದೂ ಅಲ್ಲ. ಹುಡುಕಿ ನೋಡಿದೆ ಮನಸ್ಸಿನಲ್ಲಿ. ಯಾರದ್ದೂ ಅಲ್ಲ.

ಜುಲೈ 5

ಚಿಕ್ಕಮಾದು ಓದಿದ. ಮತ್ತೊಮ್ಮೆ ಓದಿದ. “ಅವ್ವ ಸುಳ್ ಏಳ್ತಿದ್ಲು ಅಂತ ಸರ್ಕಲ್ಲಲ್ಲಿ ಆಕ್ಸದಾ ಅತ್ಗೆ? ನಮ್ಗೆ ಮಾನ ಮರ್ವಾದೆ ಬ್ಯಾಡ್ವಾ?”

ನಮ್ಮ ಮನೆಯವರು ರಾಜಿಗೆ ಬಂದರು. “ಬಯ್ದೆ ಅನ್ನೋದು ಇರ್ಲಿ. ಸುಳ್ಳು ಒಂದು ತೆಗ್ದುಬುಡು.”

“ಒಂದಕ್ಷರ ತೆಗೆಯಲ್ಲ.”

“ಅಂಗಾರೆ ದೀಪದ್ದೇ ಆಕ್ಸ್ತೀನಿ,” ಅಂದ ಚಿಕ್ಕಮಾದು.

“ಹಾಕಿಸು.”

ಮೊದಲಾಗಿದ್ದರೆ ತಿದ್ದಿಕೊಡುತ್ತಿದ್ದೆ. ಈ ಸಲ ಹಾಳೆ ಮಡಚಿ ಪುಸ್ತಕದೊಳಗಿಟ್ಟೆ.

ಜುಲೈ 7

ಊರ ಸರ್ಕಲ್ಲಿನಲ್ಲಿ ಫ್ಲೆಕ್ಸ್ ನಿಂತಿದೆ. ಅತ್ತೆಯ ತಲೆಯ ಮೇಲೆ ಮೋಡ, ಎರಡು ಪಾರಿವಾಳ. ಕೆಳಗೆ ದೀಪ, ಮಡಿಲು ಎಲ್ಲ ಇದೆ. ಅದರ ಕೆಳಗೆ ಮಕ್ಕಳು ಮೊಮ್ಮಕ್ಕಳ ಫೋಟೊ; ಅಳತೆಯಲ್ಲಿ ಚಿಕ್ಕಮಾದು ಅತ್ತೆಗಿಂತ ಸ್ವಲ್ಪವೇ ಚಿಕ್ಕವನು.

ತಿಥಿ ಊಟ ಮುಗಿಸಿ ಬೆಟ್ಟಮ್ಮ ಅಲ್ಲಿಗೆ ಬಂದಳು. ಅತ್ತೆಯ ಜೊತೆ ದಿನಾ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದವಳು. ಓದು ಬಾರದು. “ಏನ್ ಬರ್ಸವ್ರೆ? ಓದವ್ವ.”

ಫ್ಲೆಕ್ಸ್ ಕಡೆ ಮುಖ ಮಾಡಿ ನಿಂತೆ. ಅದರಲ್ಲಿರುವುದನ್ನು ಓದಲಿಲ್ಲ. ನನ್ನ ನಾಲ್ಕು ಸಾಲು ಹೇಳಿದೆ.

ಬೆಟ್ಟಮ್ಮ ಎಲೆಅಡಿಕೆಯನ್ನು ಇನ್ನೊಂದು ಕೆನ್ನೆಗೆ ತಳ್ಳಿದಳು. ಆಮೇಲೆ, “ಊಂ… ಮುಂದಕ್ಕೆ?”

“ಅಷ್ಟೇ.”

“ಅಷ್ಟೇಯಾ? ನಿಮ್ಮತ್ತೆ ಶಿವನಂಜಿ ಜಲ್ಮೆಲ್ಲ ಬಯ್ದವ್ಳೆ ಕಣವ್ವ. ನಾಕು ಮಾತ್ನಲ್ಲಿ ಮುಗಿಸ್ಬುಟ್ರಾ?”

ಜುಲೈ 8, ಬೆಳಿಗ್ಗೆ

ಬಸ್ಸಿಗೆ ಹೊತ್ತಾಯಿತು ಎಂದು ಇವರು ಕೂಗುತ್ತಿದ್ದಾರೆ. ರಜೆ ಅಂದೆ. ಜ್ವರವೇ? ಅಲ್ಲ. ಮತ್ತೇನು? ಬರೀತಿದ್ದೀನಿ ಅಂದೆ. ಯಾರ್ದು ತಿಥಿ ಈಗ, ಅಂದರು!

ಐದನೆಯ ಸಾಲು —

ಮುದ್ದೆ ಕೋಲು ಹಿಡಿದೇ ನೀನು ಬೀದಿಗೆ ಬಂದ ದಿನ