ಮೇಸ್ತ್ರಿಗೆ ಕೊಟ್ಟ ಕ್ಷಮೆ

ಪ್ರೀತಿಯ ಅಕ್ಕನಿಗೆ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಬೇಸರ ಮಾಡಿಕೊಳ್ಳಬೇಡಿ. ಓದಿದ್ದು ನಾಲ್ಕನೇ ತರಗತಿ, ತಪ್ಪುಗಳು ಬಹಳ ಇರುತ್ತವೆ. ಬಾಯಲ್ಲಿ ಹೇಳುವ ಧೈರ್ಯವಿದ್ದಿದ್ದರೆ ಇಷ್ಟು ಕಾಗದ ಹಾಳು ಮಾಡುತ್ತಿರಲಿಲ್ಲ.

ನೀವು ತಂಗಿಯ ಮನೆಗೆ ಹೋಗಿ ಐದು ತಿಂಗಳಾಯಿತು. ಆಸ್ಪತ್ರೆಯ ಬಟ್ಟೆ ಒಗೆಯುವ ನಮ್ಮ ಕೋಣೆಯಲ್ಲಿ ಈಗಲೂ ಅದೇ ಸೋಡಾ ವಾಸನೆ, ಅದೇ ಹಬೆ. ಇಸ್ತ್ರಿ ಮಾಡುವ ರೋಲರಿನ ಆ ತುದಿಯಲ್ಲಿ ನೀವು, ಈ ತುದಿಯಲ್ಲಿ ನಾನು, ಒದ್ದೆ ಹಾಸಿಗೆಬಟ್ಟೆ ಎಳೆದು ಹಿಡಿದು ಒಳಗೆ ಬಿಡುತ್ತಿದ್ದೆವು. ನೀವು ಬುದ್ಧನ ಮಾತು ಹೇಳುತ್ತಿದ್ದಿರಿ, ನಾನು ಯೇಸುವಿನ ಮಾತು. ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಷುವನ್ನು ಯಾರೂ ಮುಟ್ಟದಿದ್ದಾಗ ಬುದ್ಧನೇ ತೊಳೆದು ಮಲಗಿಸಿದನಂತೆ, ರೋಗಿಯ ಸೇವೆ ಮಾಡಿದರೆ ನನ್ನ ಸೇವೆ ಮಾಡಿದ ಹಾಗೆ ಎಂದನಂತೆ. ನಮ್ಮ ಯೇಸುವೂ ಹಾಗೇ ಹೇಳಿದ್ದಾನೆ ಎಂದು ನಾನು ಮೆಲ್ಲಗೆ ಹೇಳಿದಾಗ ನೀವು ನಕ್ಕು, ನನ್ನ ಮಾತು ಕಡಿಮೆಯೆಂದು ನೀವೇ ಇಟ್ಟ ಹೆಸರು ಹಿಡಿದು ಕರೆದಿರಿ. "ನೋಡು ಮೂಗಿ, ಇಬ್ರೂ ಮಾಡಿದ್ದು ನಮ್ಮ ಕೆಲಸಾನೇ. ಆದ್ರೆ ನಮ್ಮನ್ನ ಸದಾ ಬೈದು ಕೆಲಸ ಮಾಡಿಸೋ ಈ ಮೇಸ್ತ್ರಿ ಬಾಯಲ್ಲಿ ಮಾತ್ರ ಇಬ್ರೂ ಇಲ್ಲ!" ಎಂದಿರಿ. ಆಮೇಲೆ ಗಂಭೀರವಾಗಿ, ಹೊಡೆದವನ ಮೇಲೂ ಮನಸ್ಸು ಕೆಡಿಸಿಕೊಳ್ಳಬಾರದೆಂದು ಇಬ್ಬರೂ ಹೇಳಿದ್ದಾರಲ್ಲ, ಅದೇ ಕಷ್ಟ ಎಂದಿರಿ.

ಅಕ್ಕ, ಇನ್ನು ವಿಷಯಕ್ಕೆ ಬರುತ್ತೇನೆ.

ರೋಲರಿನ ಮುಂದಿನ ಅಡ್ಡಕಂಬಿಗೆ ಕೈ ತಾಗಿದರೆ ಯಂತ್ರ ನಿಲ್ಲುತ್ತದೆ. ಬಟ್ಟೆಯ ಮಡಿಕೆ ತಾಗಿದರೂ ನಿಲ್ಲುತ್ತದೆ. ಅವತ್ತು ಹತ್ತು ಸಲ ನಿಂತಿತು. ನೀವು ಇನ್ನೊಂದು ಗಾಡಿ ಬಟ್ಟೆ ತರಲು ಹೋಗಿದ್ದಿರಿ, ಮೇಸ್ತ್ರಿ ಉಗ್ರಾಣದಲ್ಲಿದ್ದರು. ಬೇಗ ಮುಗಿಸಿ ಮನೆಗೆ ಹೋಗೋಣವೆಂದು ಹರಿದ ಬಟ್ಟೆಯ ಅಂಚಿನಿಂದ ಆ ಕಂಬಿಯನ್ನು ಮೇಲಕ್ಕೆತ್ತಿ ಕಟ್ಟಿದೆ. ಕಟ್ಟಿದ್ದು ನಾನು. ಕಟ್ಟಬಾರದೆಂದು ಮೇಸ್ತ್ರಿ ಹೇಳಿದ್ದರು. ನೀವು ಬಂದಾಗ ನಿಮಗೆ ಹೇಳಲಿಲ್ಲ. ಯಂತ್ರ ನಿಲ್ಲುತ್ತದೆಂಬ ನಂಬಿಕೆಯಲ್ಲಿ ನೀವು ಮಡಿಕೆ ಬಿಡಿಸಲು ಬೆರಳು ಹಾಕಿದಿರಿ. ರೋಲರು ಕೈಯನ್ನೇ ಒಳಗೆಳೆದುಕೊಂಡಿತು.

ಮೇಸ್ತ್ರಿಯೇ ಕಟ್ಟಿಸಿದ್ದು ಎಂದು ಗುತ್ತಿಗೆಯ ಯಜಮಾನರು ತೀರ್ಮಾನಿಸಿದರು. ಸದಾ "ಬೇಗ, ಬೇಗ" ಎಂದು ಕಿರುಚುವವರು ಅವರೇ ತಾನೇ? ಮೇಸ್ತ್ರಿ ಅಲ್ಲವೆಂದರು, ಯಾರೂ ನಂಬಲಿಲ್ಲ. ಅವತ್ತೇ ಕೆಲಸದಿಂದ ತೆಗೆದರು.

ಡಾಕ್ಟರು ನಿಮ್ಮ ಬಲಗೈಯನ್ನು ಮಣಿಕಟ್ಟಿನಿಂದ ಕತ್ತರಿಸಿ ತೆಗೆದ ಮೂರನೇ ದಿನ ನಾನು ನಿಮ್ಮನ್ನು ನೋಡಲು ಬಂದೆ. ನೀವು ಎಡಗೈಯಿಂದ ನನ್ನ ತಲೆ ಸವರಿ, "ಮೇಸ್ತ್ರಿ ಮೇಲೆ ನಂಗೆ ಸಿಟ್ಟಿಲ್ಲ ಕಣೇ. ನೀನೂ ಅವನನ್ನ ಕ್ಷಮಿಸಿಬಿಡು" ಎಂದಿರಿ. ನಾನು ಹೂಂ ಎಂದೆ. ಅಕ್ಕ, ನಾನು ಹೂಂ ಎಂದೆ! ನಿಮ್ಮಲ್ಲಿದ್ದ ಕರುಣೆಯನ್ನೆಲ್ಲ ತಪ್ಪು ಮಾಡದವರಿಗೆ ಕೊಟ್ಟಿರಿ. ನನಗೆ ಏನು ಉಳಿದಿದೆ? ಮಂಡಿಯೂರಿ ಕೂತರೆ ಪ್ರಾರ್ಥನೆಯೂ ಬರುವುದಿಲ್ಲ. ಕ್ಷಮಿಸುವುದನ್ನು ಇಬ್ಬರೂ ಕಲಿಸಿದರು. ತಪ್ಪು ತನ್ನದಾಗಿದ್ದೂ ಇನ್ನೊಬ್ಬರನ್ನು ಕ್ಷಮಿಸಲು ಒಪ್ಪಿದವಳು ಏನು ಮಾಡಬೇಕೋ ನನಗೆ ತಿಳಿಯದು.

ನಿನ್ನೆ ಯಜಮಾನರಿಗೆ ಹೇಳಿದೆ. "ಮುಗಿದ ಕಥೆ. ಈಗ ಕೆದಕಿದ್ರೆ ನಂಗೇ ತಲೆನೋವು. ಹೋಗಿ ಕೆಲಸ ನೋಡು" ಎಂದರು. ಅಷ್ಟೇ. ನಿಮ್ಮ ಕೈ ಬರುವುದಿಲ್ಲ, ಮೇಸ್ತ್ರಿಯ ಕೆಲಸವೂ ಬರುವುದಿಲ್ಲ.

ಈ ಕಾಗದ ಓದಿ ನೀವು ಉತ್ತರ ಬರೆಯದಿದ್ದರೆ ಅದೇ ಸರಿ. ಬರೆದರೆ, ಕ್ಷಮಿಸಿದೆ ಎಂದು ಮಾತ್ರ ಬರೆಯಬೇಡಿ, ತಡೆಯಲಾರೆ. ನಿಮ್ಮ ಎಡಗೈಗೆ ಬಲ ಬರಲಿ, ರಾತ್ರಿ ನೋವಿಲ್ಲದೆ ನಿದ್ದೆ ಬರಲಿ. ನಿಮ್ಮ ಬುದ್ಧ, ನಮ್ಮ ಯೇಸು ಇಬ್ಬರೂ ನಿಮ್ಮ ಹತ್ತಿರವೇ ಇರಲಿ.

ಇವತ್ತು ಬೆಳಿಗ್ಗೆ ಮೇಸ್ತ್ರಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. "ನನ್ನ ಬಾಯಿ ಹೊಲಸು, ನಿಂಗೆ ಬಾಯೇ ಇಲ್ಲ. ಯಾರನ್ನ ನಂಬ್ತಾರೆ ಹೇಳು?" ಎಂದರು, ಅಷ್ಟೇ. ಎಲ್ಲೋ ಕಾವಲುಗಾರನ ಕೆಲಸ ಕೇಳಲು ಹೊರಟಿದ್ದರು. ಅಂಗಿಯ ಗುಂಡಿಯೊಂದು ದಾರಕ್ಕೆ ಜೋತುಬಿದ್ದಿತ್ತು. ಸೂಜಿ ಕೇಳಿ ತೆಗೆದುಕೊಂಡು, ಬಾಗಿಲಲ್ಲೇ ನಿಂತು ಹೊಲಿದುಕೊಟ್ಟೆ.

ನಿಮ್ಮನ್ನು ಅಕ್ಕ ಎನ್ನುವ ಹಕ್ಕು ಕಳೆದುಕೊಂಡ,
ಮೂಗಿ