ಎಣ್ಣೆ ಕುಡಿದ ಬಿಲ್ಲೆಗಳು

ರಾಣೆಬೆನ್ನೂರು, ೧೯ ಜನವರಿ ೨೦೦೪, ಸೋಮವಾರ

ನಿದ್ದೆ ಹತ್ತುತ್ತಿಲ್ಲ. ಕೋಣೆಯ ತುಂಬ ಶೇಂಗಾ ಎಣ್ಣೆಯ ವಾಸನೆ.

ಕುಪ್ಪೇಲೂರಿನ ಕುಂಬಾರರು ನನಗಾಗಿಯೇ ಸುಟ್ಟುಕೊಟ್ಟ ಒರಟು ಮಣ್ಣಿನ ಬಿಲ್ಲೆಗಳು. ನಾಳೆ ಅವನ್ನು ಹೊತ್ತು ಲಕ್ಷದ್ವೀಪಕ್ಕೆ ಹೊರಡಬೇಕು. ಹಡಗು ತಪ್ಪಿದರೆ ಹವಳದ ಮರಿಗಳು ಬರುವ ಕಾಲವೂ ತಪ್ಪುತ್ತದೆ. ತೊಂಬತ್ತೆಂಟರಲ್ಲಿ ಸಮುದ್ರ ಬಿಸಿಯಾಗಿ ಹವಳವೆಲ್ಲ ಸತ್ತ ದಿಬ್ಬ ಅಲ್ಲಿದೆ. ಅದರ ಸುತ್ತ ಯಾರೂ ಮೀನು ಹಿಡಿಯದಂತೆ ತಡೆದು ಕಾಯುತ್ತಿದ್ದೇವೆ. ನೀರಲ್ಲಿ ತೇಲಿಬರುವ ಹವಳದ ಮರಿಗಳು ಈ ಬಿಲ್ಲೆಗಳ ಮೇಲೆ ಕೂತರೆ ದಿಬ್ಬಕ್ಕೆ ಮತ್ತೆ ಜೀವ ಬರುತ್ತಿದೆ ಎಂದರ್ಥ.

ಸಂಜೆ ಹಾವೇರಿಯಿಂದ ಬಂದು ನೋಡಿದರೆ ಬಿಲ್ಲೆಗಳೆಲ್ಲ ಕಪ್ಪಗೆ ಮಿಂಚುತ್ತಿವೆ! ಹೊಸ ಗಡಿಗೆಗೆ ಮಾಡುವಂತೆ ಅವ್ವ ಎಣ್ಣೆ ಸವರಿ, ಒಲೆಯ ಮೇಲಿಟ್ಟು ಪಳಗಿಸಿದ್ದಾಳೆ.

"ಹಿಂಗ್ಯಾಕ ಮಾಡಿದಿ ಅವ್ವಾ?"

"ನೀನ ಹೇಳಿದ್ದಿಯಲ್ಲ ಶೈಲಾ, ಹೊಸಾ ಮಣ್ಣಿನ ಮ್ಯಾಲೆ ಮರಿ ಕುಂದ್ರೂದಿಲ್ಲ, ಎರಡು ತಿಂಗಳು ಸಮುದ್ರದಾಗ ಪಳಗಬೇಕು ಅಂತ. ನಾ ಒಂದ ದಿನದಾಗ ಮುಗಿಸೇನಿ ನೋಡು."

ಹೇಳಿದ್ದು ನಿಜ. ಉಪ್ಪುನೀರಲ್ಲಿ ತೆಳ್ಳಗೆ ಪಾಚಿ ಕಟ್ಟಿದ ಮೇಲೆಯೇ ಮರಿ ಕೂರುವುದು. ಎಣ್ಣೆಯ ಮೇಲೆ ಏನು ಕಟ್ಟೀತು? ಸೋಪಿನಪುಡಿ ಹಾಕಿ ತಿಕ್ಕಿ ತಿಕ್ಕಿ ಕೈ ಉರಿಯಿತು. ಎಣ್ಣೆ ಒಳಗೇ ಇಳಿದಿದೆ. ಮತ್ತೆ ಸುಡಿಸಲು ಹೊತ್ತಿಲ್ಲ, ಇವನ್ನೇ ಒಯ್ಯಬೇಕು. ಬೈಯಲು ಬಾಯಿ ತೆರೆದೆ. ಅವ್ವನ ಬೆರಳಲ್ಲಿ ಒಲೆ ತಾಗಿದ ಬೊಬ್ಬೆ ಕಂಡಿತು.

ಊಟಕ್ಕೆ ಬಡಿಸುತ್ತ ಅಂದಳು, "ಎಷ್ಟು ಮರಿ ಕುಂತವು ಅಂತ ಫೋನ್ ಮಾಡಿ ಹೇಳು. ಮರೀಬ್ಯಾಡ ಮತ್ತ."

ಹೂಂ ಅಂದೆ. ಎಷ್ಟು ಅಂತ ಸುಳ್ಳು ಹೇಳಲಿ ಎಂದು ಈಗಲೇ ಲೆಕ್ಕ ಹಾಕುತ್ತ ಕೂತಿದ್ದೇನೆ, ಥೂ, ನಾನೊಬ್ಬಳು ವಿಜ್ಞಾನಿ!